ಮಲಗಿದವಳ ಪರವಾಗಿ ನಾಲ್ಕು ಮಾತು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಸಾಹೇಬರೇ, ನಮ್ಮ ಮುದ್ರಣಾಲಯದ ಮ್ಯಾನೇಜರ್ ಅವರೇ, ಬೈಂಡಿಂಗ್ ವಿಭಾಗದ ನನ್ನ ಅಕ್ಕತಂಗಿಯರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷ ಇಲ್ಲಿ ದುಡಿದೆ. ಕೊನೆಯ ಹನ್ನೆರಡು ವರ್ಷ ಬೈಂಡಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಇವತ್ತು ಸಂಜೆ ಐದಕ್ಕೆ ನಿವೃತ್ತಿ. ಕೆಲಸ ನಿಲ್ಲಬಾರದೆಂದು ಬೀಳ್ಕೊಡುಗೆಯನ್ನು ಊಟದ ಬಿಡುವಿನಲ್ಲೇ ಇಟ್ಟಿದ್ದೀರಿ, ಅದಕ್ಕೊಂದು ಆರೋಗ್ಯ ಉಪನ್ಯಾಸವನ್ನೂ ಸೇರಿಸಿ ಎರಡನ್ನೂ ಒಂದೇ ಚಹಾದಲ್ಲಿ ಮುಗಿಸುತ್ತಿದ್ದೀರಿ. ಮೆಚ್ಚಿದೆ!

ಡಾಕ್ಟರು ಈಗಷ್ಟೇ ಸೊಗಸಾಗಿ ಹೇಳಿದರು. ಅಂಗಾತ ಮಲಗಿ, ಇಲ್ಲವೇ ಮಗ್ಗುಲಾಗಿ ಮಲಗಿ. ದಿಂಬು ತೀರಾ ಎತ್ತರ ಬೇಡ. ಕತ್ತು ಒಂದೇ ಕಡೆ ತಿರುಚಿಕೊಂಡು ಮಲಗಬೇಡಿ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮ್ಯಾನೇಜರ್ ಅವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಆದರೆ ಡಾಕ್ಟರೇ, ನೀವು ನಮ್ಮ ಬೈಂಡಿಂಗ್ ಕೋಣೆ ನೋಡಿದ್ದೀರಾ? ಬೆಳಗ್ಗೆ ಎಂಟರಿಂದ ತಲೆ ಬಗ್ಗಿಸಿ ಹಾಳೆ ಮಡಚುತ್ತೇವೆ, ಮಡಚಿದ್ದನ್ನು ಹೊಲಿಯುತ್ತೇವೆ, ಹೊಲಿದದ್ದಕ್ಕೆ ಗೋಂದು ಬಳಿಯುತ್ತೇವೆ. ಬಿಡುವಿನಲ್ಲಿ ಮೇಜಿನ ಮೇಲೆ ತಲೆಯಿಟ್ಟರೆ ಅದು ವಿಶ್ರಾಂತಿ. ನೆಲದ ಮೇಲೆ ಬೆನ್ನು ಚಾಚಿದರೆ ಅದು ನಿದ್ದೆ, ನಿದ್ದೆಗೆ ನೋಟಿಸು. ಇದು ಇಲ್ಲಿಯ ನಿಯಮ. ಇದನ್ನು ಕಾಪಾಡಿಕೊಂಡು ಬಂದವಳು ಯಾರು? ನಾನೇ.

ನನ್ನ ನಾದಿನಿಯೂ ಇಲ್ಲೇ ಹೊಲಿಗೆಯಲ್ಲಿದ್ದಳು. ನಾನು ಮುಖ್ಯಸ್ಥೆಯಾದ ಹೊಸತು, ಒಂದು ಮಧ್ಯಾಹ್ನ ಕಾಗದದ ಕಟ್ಟುಗಳ ನಡುವೆ ಮಲಗಿದ್ದಳು. "ಏಳೇ, ನನ್ನ ಮರ್ಯಾದೆ ತೆಗೀತೀಯಾ?" ಅಂದೆ. "ಅತ್ತಿಗೆ, ಹತ್ತೇ ನಿಮಿಷ. ಕತ್ತು ಕಳಚಿ ಬೀಳ್ತಿದೆ" ಅಂದಳು. ನಾನು ವರದಿ ಬರೆದೆ. ಸ್ವಂತ ಮನೆಯವಳನ್ನೂ ಬಿಡಲಿಲ್ಲ ಎಂದು ಮೇಲಿನವರು ಹೊಗಳಿದರು. ನನಗೂ ಸ್ವಲ್ಪ ಹೆಮ್ಮೆಯಾಯಿತು. ಸ್ವಲ್ಪವೇನು, ಚೆನ್ನಾಗಿಯೇ ಆಯಿತು.

ಆಮೇಲೆ ಒಂಬತ್ತು ವರ್ಷ ಅವಳು ಮೇಜಿಗೇ ತಲೆಯಿಟ್ಟು ಮಲಗಿದಳು. ನನ್ನ ಮೇಜು ಅವಳ ಬಲಕ್ಕಿತ್ತು. ಅವಳು ದಿನವೂ ಮುಖವನ್ನು ಎಡಕ್ಕೆ, ಗೋಡೆಯ ಕಡೆಗೇ ತಿರುಗಿಸುತ್ತಿದ್ದಳು. ಗೋಡೆಯಲ್ಲಿ ಏನಿದೆಯೋ ಎಂದುಕೊಳ್ಳುತ್ತಿದ್ದೆ. ಈಗ ಅರ್ಥವಾಗಿದೆ, ಹೋಗಲಿ ಬಿಡಿ. ಈಗ ಅವಳ ಕತ್ತು ಬಲಕ್ಕೆ ತಿರುಗುವುದಿಲ್ಲ. ಕೆಲಸ ಬಿಟ್ಟು ಮೂರು ವರ್ಷವಾಯಿತು. ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾಳೆ, "ಏನು ಅತ್ತಿಗೆ?" ಅನ್ನುತ್ತಾಳೆ. ಮೇಜಿನಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಬರೆದುಕೊಡಲಿಕ್ಕಿಲ್ಲ. ನಾನು ಬರೆದುಕೊಡುತ್ತೇನೆ. ನನಗೆ ನಾಚಿಕೆಯಾಗುತ್ತದೆ, ಸಭಿಕರೇ.

ಕಳೆದ ಮಂಗಳವಾರ, ಇದೇ ಊಟದ ಬಿಡುವಿನಲ್ಲಿ, ಹಾಳೆ ಮಡಚುವ ನಮ್ಮ ಕನ್ನಡಕದವಳು ನೆಲದ ಮೇಲೆ ಮಲಗಿದ್ದಳು. ಅವಳಿಗಿದು ಎರಡನೇ ಸಲ. ಎರಡನೇ ಸಲಕ್ಕೆ ಕೆಲಸವೇ ಹೋಗುತ್ತದೆ. 'ಕರ್ತವ್ಯದ ವೇಳೆ ನಿದ್ರಿಸುತ್ತಿದ್ದಳು' ಎಂಬ ವರದಿಗೆ ನನ್ನ ಸಹಿ ಬೇಕು. ಮ್ಯಾನೇಜರ್ ಅವರು ಬೆಳಗ್ಗೆ ಬಂದು, "ಹೋಗೋ ದಿನ ಯಾಕಮ್ಮ ಹಟ? ಒಂದು ಸಹಿ ತಾನೆ" ಅಂದರು.

ಒಂದು ಸಹಿ ತಾನೆ! ಸ್ವಾಮೀ, ಒಂದು ಸಹಿ ಏನು ಮಾಡುತ್ತದೆ ಎಂಬುದನ್ನು ನನ್ನ ಮನೆಗೆ ಬಂದು ನೋಡಿ. ನಾನು ಹಾಕುವುದಿಲ್ಲ. ಖಾಲಿ ಬಿಟ್ಟುಹೋದರೆ ನಾಳೆ ಬರುವವರು ಹಾಕುತ್ತಾರೆ, ಅದೂ ಗೊತ್ತು. ಹಾಗಾಗಿ ಆ ಸಾಲನ್ನು ಹೊಡೆದುಹಾಕಿ ಕೆಳಗೆ ನಾನೇ ಬರೆದಿದ್ದೇನೆ: 'ಬಿಡುವಿನಲ್ಲಿ ಮಲಗಿದ್ದಳು. ಮಲಗು ಎಂದು ಹೇಳಿದವಳು ನಾನು. ರಟ್ಟು ಹಾಸಿಕೊಟ್ಟವಳೂ ನಾನೇ.' ಇದು ಸತ್ಯ, ಬೇಕಾದರೆ ಅವಳನ್ನೇ ಕೇಳಿ. ಸಹಿ ಹಾಕಿರುವುದು ಇದರ ಕೆಳಗೆ. ಸಂಜೆ ಐದರವರೆಗೆ ನಾನಿನ್ನೂ ನೌಕರಿಯಲ್ಲೇ ಇದ್ದೇನೆ. ನೋಟಿಸು ನನಗೆ ಕೊಡಿ. ನೆನಪಿನ ಕಾಣಿಕೆ ಬೇಡ, ಆ ನೋಟಿಸಿಗೇ ಚೌಕಟ್ಟು ಹಾಕಿಸಿಕೊಳ್ಳುತ್ತೇನೆ.

ಬಿಡುವು ಮುಗಿಯಲು ಇನ್ನೂ ಹನ್ನೆರಡು ನಿಮಿಷವಿದೆ. ವೇದಿಕೆಗೆ ಒಳ್ಳೆಯ ಜಮಖಾನೆ ಹಾಸಿದ್ದೀರಿ. ಡಾಕ್ಟರೇ, ಸ್ವಲ್ಪ ಕಾಲು ಸರಿಸಿ, ನಾನಿಲ್ಲಿ ಮಲಗಬೇಕು. ತಪ್ಪಾಗಿ ಮಲಗಿದರೆ ತಿದ್ದಿ. ಅಕ್ಕತಂಗಿಯರೇ, ಕುರ್ಚಿ ಹಿಂದಕ್ಕೆ ಸರಿಸಿದರೆ ಕೆಳಗೆ ನಿಮಗೂ ಬೇಕಾದಷ್ಟು ಜಾಗವಿದೆ. ಅರವತ್ತು ಜನರ ಮೇಲೆ ಯಾರು ವರದಿ ಬರೆಯುತ್ತಾರೋ ನೋಡೋಣ.

ಇಷ್ಟು ಹೊತ್ತು ಕತ್ತೆತ್ತಿ ಕೇಳಿದ್ದಕ್ಕೆ ಎಲ್ಲರಿಗೂ ವಂದನೆಗಳು. ಗಂಟೆ ಹೊಡೆಯುವವರೆಗೆ ನಾನು ಏಳುವುದಿಲ್ಲ. ನಮಸ್ಕಾರ.