ನಿದ್ದೆ ಡಾಕ್ಟ್ರಿಗೆ ಐದರಲ್ಲಿ ಎಷ್ಟು?

ಬರೆ ಮಾರಾಯ, ಒಂದನೇ ಪ್ರಶ್ನೆಗೆ ಐದರಲ್ಲಿ ಐದು. ಸರ್ಜನ್ನಿನ ಬಾಯಿ. ರೋಗಿಯ ಹೊಟ್ಟೆ ಬಿಗಿಯಾದರೆ 'ಚಿನ್ನಯ್ಯ, ಇವ ಎಚ್ಚರ ಇದ್ದಾನೆ', ರಕ್ತ ಕಪ್ಪಾದರೆ 'ಚಿನ್ನಯ್ಯ, ನಿಮಗೆ ಎಚ್ಚರ ಉಂಟಾ' ಅಂತ ನನಗೇ ಬೈಗುಳ... ನಗುವುದೆಂತಕ್ಕೆ? ನಿನ್ನ ಕಾಗದದಲ್ಲೇ ಉಂಟಲ್ಲ, 'ಅರಿವಳಿಕೆ ಕೊಡುವ ವೈದ್ಯರಿಗೆ ಕೆಲಸದಲ್ಲಿ ಒತ್ತಡ ಕೊಡುವ ಸಂಗತಿಗಳು, ಒಂದೊಂದಕ್ಕೂ ಐದರೊಳಗೆ ಅಂಕ ಕೊಡಿ' ಅಂತ. ನೀನು ಕಮಲಾಕ್ಷ, ಮಂಗಳೂರಿನಲ್ಲಿ ದೊಡ್ಡ ಲೆಕ್ಚರರು, ಆದಿತ್ಯವಾರ ಬಸ್ಸು ಹತ್ತಿ ಬಂಟ್ವಾಳಕ್ಕೆ ಬಂದದ್ದು ನನ್ನ ತಲೆಬಿಸಿ ಅಳೀಲಿಕ್ಕೆ! ಮದರಾಸಿನ ಹಾಸ್ಟೆಲಿನಲ್ಲಿ ನನ್ನ ಅಂಗಿ ಕೇಳದೆ ಹಾಕಿಕೊಂಡು ಹೋಗ್ತಿದ್ದಿ. ಈಗ ತಲೆಬಿಸಿಯೂ ಬೇಕಾ?

ಚಾ ನಾನೇ ಮಾಡಿದ್ದು, ಕುಡಿಯುವ ಮೊದಲೇ ಕ್ಷಮಿಸಿಬಿಡು. ಪ್ರಫುಲ್ಲಾ ಮೂಡಬಿದ್ರೆಗೆ ಹೋಗಿದ್ದಾಳೆ, ತಂಗಿಯ ಬಾಣಂತನಕ್ಕೆ. ಹೌದು, ಒಂದು ತಿಂಗಳಾಯ್ತು.

ಎರಡನೇದು ಕರೆಂಟು. ಅದಕ್ಕೂ ಐದು. ಮಳೆಗಾಲದಲ್ಲಿ ಹೊಟ್ಟೆ ಕೊಯ್ದ ಮೇಲೆಯೇ ಅದು ಹೋಗುವುದು. ನಿದ್ದೆ ಬರಿಸುವ ಈಥರ್ ಪೆಟ್ರೋಲಿನ ಹಾಗೆ, ಅದು ಇರುವಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತಿಸಿದರೆ ರೋಗಿ, ಸರ್ಜನ್, ನಾನು, ಮೂವರೂ ಒಟ್ಟಿಗೆ ವೈಕುಂಠಕ್ಕೆ. ಹಾಗಾಗಿ ನರ್ಸ್ ಪದ್ಮಾಕ್ಷಿ ಟಾರ್ಚು ಹಿಡೀತಾಳೆ, ಸರ್ಜನ್ ನನಗೆ ಬೈತಾರೆ, ಕರೆಂಟನ್ನು ನಾನೇ ಕಿಸೆಯಲ್ಲಿ ಹಾಕಿಕೊಂಡ ಹಾಗೆ.

ಮೂರನೇದು... ಮರ್ಯಾದೆ. ಇದಕ್ಕೆ ಐದು ಸಾಲದು. ಮೊನ್ನೆ ಹನೀಫಾ, ಹರ್ನಿಯಾ ಗುಣವಾದವ, ಸರ್ಜನ್ನಿಗೆ ಒಂದು ಬಾಳೆಗೊನೆ ತಂದುಕೊಟ್ಟ. ಪಕ್ಕದಲ್ಲಿದ್ದ ನನ್ನನ್ನು ನೋಡಿ 'ಇವರು ಯಾರು' ಅಂತ ಕೇಳಿದ. ಅವನ ತಪ್ಪಲ್ಲ. ನಾನು ಕೆಲಸ ಸುರು ಮಾಡಿದ ಕೂಡ್ಲೇ ನೋಡುವವ ಕಣ್ಣು ಮುಚ್ತಾನೆ. ಊರಿಗೆಲ್ಲ ನಾನು ನಿದ್ದೆ ಡಾಕ್ಟ್ರು, ಅಷ್ಟೆ.

ವಾಸನೆಯಾ? ಈಥರಿನದ್ದು. ಆಪರೇಶನ್ ಥಿಯೇಟರಿನಲ್ಲಿ ಒಮ್ಮೆ ಹಿಡಿದರೆ ಬಟ್ಟೆ ಬಿಡುವುದಿಲ್ಲ ಮಾರಾಯ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ, ಎರಡು ಸೀಟು ನನಗೇ. ಮುಖದ ಮೇಲೆ ಬಟ್ಟೆ ಇಟ್ಟು ಹನಿ ಹನಿ ಬಿಡುವುದಲ್ಲವಾ, ಅರ್ಧ ರೋಗಿಗೆ, ಅರ್ಧ ನನಗೆ. ಅವನಾದರೆ ಎಂಟನೇ ದಿನ ಮನೆಗೆ ಹೋಗ್ತಾನೆ.

ನಾಲ್ಕನೇದು, ರೋಗಿಯ ಉಸಿರು ನಿಲ್ಲುವ ಭಯ. ಸೊನ್ನೆ. ಬರೆ, ಸೊನ್ನೆ... ಮುಂಡಾಜೆಯ ಸೇಸಮ್ಮನ ಸುದ್ದಿ ನಿನಗೆ ಯಾರು ಹೇಳಿದ್ದು? ಹೌದು, ಅರವತ್ತಮೂರರ ಮಳೆಗಾಲದಲ್ಲಿ ನನ್ನ ಕೈಯಲ್ಲೇ ಅವರ ಉಸಿರು ನಿಂತದ್ದು. ನಾಲ್ಕು ನಿಮಿಷ ಬಾಯಿಗೆ ಬಾಯಿಟ್ಟು ಊದಿದೆ. ಬಂತಲ್ಲ ಉಸಿರು! ಈಗ ಸಂತೆಯಲ್ಲಿ ಸಿಕ್ಕಿದರೆ 'ಡಾಕ್ಟ್ರೇ, ಅಂಥ ಒಳ್ಳೆ ನಿದ್ದೆ ಮತ್ತೆ ಬರಲೇ ಇಲ್ಲ' ಅಂತ ಬಚ್ಚಿರೆ ಕೊಡ್ತಾರೆ, ಎಲೆಯಡಿಕೆ. ಇದಕ್ಕೆ ನಗಬೇಕಲ್ಲ. ನೀನು ಯಾಕೆ ನಗುವುದಿಲ್ಲ?

ಐದನೇದು, ನಿಮಗೆ ನಿದ್ದೆ ಬರ್ತದಾ? ಬರ್ತದೆ. ಮಲಗಿದ ಕೂಡ್ಲೇ. ಸೇಸಮ್ಮನ ಆ ನೀಲಿ ತುಟಿ ಕಣ್ಣಿಗೆ ಕಟ್ಟುವುದರೊಳಗೆ... ಅಂದರೆ, ಬೇಗ ಬರ್ತದೆ ಅಂತ. ಮುಂದಿನದು ಓದು.

ಪೆನ್ಸಿಲ್ ಯಾಕೆ ಕೆಳಗಿಟ್ಟದ್ದು? ನಾಳೆ ಎಂಟು ಗಂಟೆಗೆ ಶೇಷಪ್ಪನ ಆಪರೇಶನ್ ಉಂಟು, ಬೇಗ ಮುಗಿಸುವ. ಕಿಟಕಿ ತೆರೆಯುವುದೆಂತಕ್ಕೆ, ಸೆಕೆಯಾ? ಹೇಳಿದೆನಲ್ಲ, ಥಿಯೇಟರಿನ ಬಟ್ಟೆ...

ಹೌದು. ಇವತ್ತು ಆದಿತ್ಯವಾರ. ಥಿಯೇಟರಿಗೆ ಬೀಗ. ಈ ಅಂಗಿ ಈಗಷ್ಟೇ ಸ್ನಾನ ಮಾಡಿ ಹಾಕಿದ್ದು, ಇಸ್ತ್ರಿಯ ಮಡಿಕೆ ಸಹ ಹೋಗಲಿಲ್ಲ.

ಹಾಗೆ ನೋಡಬೇಡ ಕಮಲಾಕ್ಷ. ಬೈಯುವುದಾದರೆ ಬೈ, ನನಗೆ ಅಭ್ಯಾಸ ಉಂಟು...

ಕರ್ಚೀಫು ದಿಂಬಿನ ಅಡಿಯಲ್ಲಿ ಉಂಟು. ಈಥರಿನ ಬಾಟ್ಲಿ ಕಪಾಟಿನಲ್ಲಿ, ಪುಸ್ತಕಗಳ ಹಿಂದೆ. ಮೊದಲು ಹತ್ತು ಹನಿಗೆ ನಿದ್ದೆ ಬರ್ತಿತ್ತು. ಈಗ ಹಗಲಿಗೂ ಬೇಕು. ಪ್ರಫುಲ್ಲಾ ಬಾಣಂತನಕ್ಕಲ್ಲ, ಈ ಬಾಟ್ಲಿ ನೋಡಿ ಹೋದದ್ದು, ಅವಳಿಗೆ ತಂಗಿಯೇ ಇಲ್ಲ. ನೀನು ನಮ್ಮ ಮದುವೆಗೆ ಬಂದವ. ಚಾ ಕುಡಿಯುವಾಗಲೇ ನಿನಗೆ ಗೊತ್ತಾಗಿರಬೇಕು.

ಬಾಟ್ಲಿ ನೀನೇ ತಕ್ಕೊಂಡು ಹೋಗು. ನಾಳೆ ನಾನು ಶೇಷಪ್ಪನ ಮೂಗಿಗೆ ಬಟ್ಟೆ ಇಡುವುದಿಲ್ಲ ಅಂತ ಅವನ ಮನೆಯವರಿಗೆ ಈಗಲೇ ಹೋಗಿ ಹೇಳ್ತೇನೆ... ಒಟ್ಟಿಗೆ ಬರ್ತೀಯಾ? ಒಬ್ಬನೇ ಹೋದರೆ ದಾರಿಯಲ್ಲಿ ತಿರುಗಿ ಬಂದೇನು.

ಚಪ್ಪಲಿ ಹಾಕಿದೆಯಾ? ನಿಲ್ಲು, ಆ ಪೆನ್ಸಿಲ್ ತೆಗಿ. ನಾಲ್ಕನೇದರ ಸೊನ್ನೆ ಹೊಡೆದುಹಾಕು. ಐದು ಬರೆ.