ಅರ್ಧ ಬೆಲೆಗೆ ವಾಪಸ್

ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಗಡಿಯಾರ ರಿಪೇರಿಯವನ ಕಣ್ಣು ಕೆಲಸದ ಮೇಲಿತ್ತು, ಕಿವಿ ಪಕ್ಕದ ಅಂಗಡಿಯ ಮೇಲೆ. ಅಲ್ಲಿ ಸೊಸೆಯೊಬ್ಬಳು ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನೋಡಿ ಚೌಕಾಸಿಗೆ ಇಳಿದಿದ್ದಳು.

“ಹಳೇದಕ್ಕೆ ಮೂರು ಸಾವಿರಾನಾ?”

“ಹೊಸದರ ಹಾಗೇ ಇದೆಯಲ್ಲಕ್ಕ. ಮುಂಚಿನೋರು ಇದರಲ್ಲಿ ಕೂತಿದ್ದು ಐದೇ ವಾರ.”

“ಆಮೇಲೆ?”

“ಆಮೇಲೇನು, ಹೋಗ್ಬಿಟ್ರು. ಮಗ ವಾಪಸ್ ತಂದ್ಕೊಟ್ಟ.”

“ಓ, ವಾಪಸ್ಸೂ ತಗೋತೀರಾ?”

“ಮೂರು ತಿಂಗಳೊಳಗೆ ತಂದ್ರೆ ಅರ್ಧ ದುಡ್ಡು ಕೊಡ್ತೀನಿ. ರೆಕ್ಸಿನ್ ಹರಿದಿದ್ರೆ ಮಾತ್ರ ಬಿಡಿಗಾಸೂ ಇಲ್ಲ.”

“ಮೂರು ತಿಂಗಳು ಧಾರಾಳವಾಯ್ತು. ಡಾಕ್ಟ್ರು ಎರಡೇ ಅಂದಿದಾರೆ.”

“ಮೆಲ್ಲಗೆ ಅಕ್ಕ, ಅಮ್ಮ ಇಲ್ಲೇ ಇದಾರೆ.”

“ಅವ್ರಿಗೆಲ್ಲಿ ಕೇಳ್ಸುತ್ತೆ? ಕಿವಿ ಹೋಗಿ ನಾಲ್ಕು ವರ್ಷ ಆಯ್ತು, ಹಸಿವೊಂದು ಹೋಗಿಲ್ಲ.” ಸೊಸೆ ಬಗ್ಗಿ ಕೂಗಿದಳು, “ಅತ್ತೇ, ಹಾಯಾಗಿದ್ಯಾ?”

“ಹಾಂ?” ಎಂದು ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

“ನೋಡಿದ್ರಾ? ಸರಿ, ಅರ್ಧ ದುಡ್ಡಿನ ವಿಷಯ ಚೀಟೀಲಿ ಬರ್ಕೊಡಿ.”

ಚೀಟಿಯನ್ನು ಪರ್ಸಿಗೆ ಸೇರಿಸಿ ಸೊಸೆ ಕುರ್ಚಿ ತಳ್ಳಿಕೊಂಡು ಹೊರಟಳು. ಅವರು ಎದುರು ಹಾದುಹೋಗುವಾಗ ಗಡಿಯಾರದವನು ತಲೆಯೆತ್ತಿದ. ಮುದುಕಿ ಇನ್ನೂ ನಗುತ್ತಲೇ ಇದ್ದಳು. ಶಾಲಿನ ಪಿನ್ನು ಬಿಚ್ಚಿಕೊಂಡು, ಕುರ್ಚಿಯ ಕೈ ಮೇಲಿನ ರೆಕ್ಸಿನ್ನನ್ನು ಅವಸರವಿಲ್ಲದೆ ಉದ್ದಕ್ಕೂ ಸೀಳುತ್ತಿದ್ದಳು.