ಕೇಳೋರು ಬಂದಿದ್ದರು

ಸೇಲಂ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ನೇಕಾರರ ಬೀದಿಯ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯವಳು ಮಾತು ತೆಗೆದಳು.

“ನಮ್ಮ ಬೀದಿ ಮೋಹನ್‌ರಾಜ್ ಐಕೋರ್ಟ್ ಜಡ್ಜ್ ಆಗ್ತಾನಂತೆ. ಅವನು ಎಂಥೋನು ಅಂತ ವಿಚಾರಿಸೋಕೆ ಸರ್ಕಾರದೋರು ನಿಮ್ಮನೆಗೂ ಬಂದಿದ್ರಾ, ಅಕ್ಕಾ?”

“ಬಂದಿದ್ರು. ಒಳ್ಳೆ ಉಡುಗ ಅಂದೆ.”

“ಮಗ್ಗಕ್ಕೆ ಏರಿಸೋಕೆ ಬೀದೀಲಿ ಚಾಚಿದ್ದ ನಮ್ಮಪ್ಪನ ನೂಲಿನ ಹಾಸು ಅವನು ಬ್ಲೇಡಲ್ಲಿ ಕುಯ್ದಿದ್ದು ಏಳ್ಲಿಲ್ವಾ?”

“ಆಗ ಅವನಿಗೆ ಅದಿನಾರು ವಯಸ್ಸು, ಮುನಿಲಕ್ಷ್ಮಿ. ಅಷ್ಟಕ್ಕೇ ಜಡ್ಜ್ ಆಗಬಾರ್ದಾ?”

“ಕುಯ್ದಿದ್ದಕ್ಕಲ್ಲ. ನನ್ನ ತಮ್ಮನೇ ಕುಯ್ದ ಅಂತ ಪಂಚಾಯ್ತೀಲಿ ಸಾಕ್ಷಿ ಏಳ್ದ. ಅಪ್ಪ ತಮ್ಮನ್ನ ಮನೆಯಿಂದ ಓಡಿಸ್ದ.”

“ಪಾವಂ, ನಿನ್ನ ತಮ್ಮ. ಅದೆಲ್ಲ ಅಳೇದು.”

“ಮೋಹನ್‌ರಾಜ್ ಕುಯ್ದಿದ್ದು ನೋಡ್ದೆ ಅಂತ ನನ್ನತ್ರ ಅಂದೋರು ನೀವೇ. ಕೇಳೋರು ಬಂದ್ರೆ ಏಳ್ತೀನಿ ಅಂದಿದ್ರಿ. ಬಂದಿದ್ರಲ್ಲ.”

ಬಸ್ ಬಂತು. ಹಿರಿಯವಳು ಕಿಟಕಿಯಿಂದ ಚೀಲ ಹಾಕಿ ಇಬ್ಬರಿಗೂ ಸೀಟು ಹಿಡಿದಳು. ಮುನಿಲಕ್ಷ್ಮಿ ಹಿಂದಿನ ಬಾಗಿಲಲ್ಲಿ ಹತ್ತಿ ನಿಂತೇ ಹೋದಳು.